ವಾರದ ರಜೆ ಯಾರ ಅನುಕೂಲಕ್ಕೆ?

ಹೊರದೇಶದ ಬಗ್ಗೆ ಕೇಳುವವರು ಹೆಚ್ಚಾಗಿ ರಸ್ತೆ, ಮಾಲ್, ಸಂಬಳದ ಬಗ್ಗೆಯೇ ಕೇಳುತ್ತಾರೆ. ಮಾಲ್ ವಿಷಯದಲ್ಲಂತೂ ಈಗ ಹೇಳುವಂಥದ್ದೇನೂ ಇಲ್ಲ. ದುಬೈಯಲ್ಲಿ ಕಂಡ ಫೋನ್, ಶೂ, ಕುರ್ಚಿ ಎಲ್ಲವೂ ಜರ್ಮನಿಯಲ್ಲೂ ಇವೆ. ನಾನು ಎರಡೂ ಕಡೆ ಇದ್ದು ಬಂದ ಮೇಲೆ ನನಗೆ ಅನಿಸುವುದು ಇಷ್ಟು: ಜನ ಯಾವುದನ್ನು ಬಿಟ್ಟುಕೊಡುತ್ತಾರೆ, ಯಾವುದಕ್ಕೆ ಪಟ್ಟು ಹಿಡಿಯುತ್ತಾರೆ ಅಂತ ನೋಡಬೇಕಾದರೆ ವಾರದ ರಜೆ ನೋಡಬೇಕು.

ಯುಎಇಯಲ್ಲಿ 2006ರವರೆಗೆ ಗುರುವಾರ, ಶುಕ್ರವಾರ ರಜೆ ಇತ್ತು. ಆಮೇಲೆ ಅದು ಶುಕ್ರವಾರ, ಶನಿವಾರಕ್ಕೆ ಬಂತು. 2022ರ ಜನವರಿಯಿಂದ ಸರ್ಕಾರಿ ಕಚೇರಿಗಳಿಗೆ ಶನಿವಾರ, ಭಾನುವಾರ ರಜೆ; ಶುಕ್ರವಾರ ಮಧ್ಯಾಹ್ನ 12ರವರೆಗೆ ಕೆಲಸ. ಹೊರಗಿನ ಬ್ಯಾಂಕು, ಮಾರುಕಟ್ಟೆ ತೆರೆದಿರುವ ದಿನ ನಾವೂ ತೆರೆದಿರಬೇಕು ಅನ್ನುವುದೇ ಕಾರಣ. ಅದನ್ನು ಮುಚ್ಚಿಡಲೂ ಇಲ್ಲ. ಆದರೆ ಯುಎಇಯದೇ ಭಾಗವಾದ, ದುಬೈ ಪಕ್ಕದ ಶಾರ್ಜಾ ಶುಕ್ರವಾರವನ್ನು ಬಿಡಲು ಒಪ್ಪಲಿಲ್ಲ. ಅಲ್ಲಿ ಶುಕ್ರ, ಶನಿ, ಭಾನು ಮೂರು ದಿನವೂ ರಜೆ. ಶಾರ್ಜಾದಲ್ಲಿ ಮನೆ ಮಾಡಿ ದುಬೈಗೆ ಕೆಲಸಕ್ಕೆ ಹೋಗುವವರು ಬಹಳ. ಶುಕ್ರವಾರ ಮಗ ಹಾಯಾಗಿ ಮಲಗಿರುತ್ತಾನೆ, ಅಪ್ಪ ಟ್ರಾಫಿಕ್‌ನಲ್ಲಿ ನಿಂತಿರುತ್ತಾನೆ.

ಇದೇನು ಮಹಾ ಅನ್ನುವವರಿಗೆ ಸಮೋವಾ ಇದೆ. ಆ ದ್ವೀಪ ರಾಷ್ಟ್ರದಲ್ಲಿ 2011ರ ಡಿಸೆಂಬರ್ 30 ಬರಲೇ ಇಲ್ಲ. ಗುರುವಾರ ಮಲಗಿದವರು ಶನಿವಾರ ಎದ್ದರು! ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ವ್ಯಾಪಾರಕ್ಕೆ ವಾರದ ದಿನಗಳು ಹೊಂದುತ್ತಿಲ್ಲ ಅಂತ ಭೂಪಟದಲ್ಲಿ ತಾರೀಖು ಬದಲಾಗುವ ಗೆರೆಯಾದ ದಿನಾಂಕ ರೇಖೆಯ ಆ ಕಡೆಗೇ ದಾಟಿಬಿಟ್ಟರು.

ಜರ್ಮನಿಯಲ್ಲಿ ಇದು ಉಲ್ಟಾ. ಭಾನುವಾರದ ರಜೆಗೆ ಸಂವಿಧಾನದ ರಕ್ಷಣೆಯೇ ಇದೆ. 1919ರ ವೈಮಾರ್ ಸಂವಿಧಾನದ ಆ ಮಾತನ್ನು ಈಗಿನ ಸಂವಿಧಾನವೂ ಹಾಗೇ ಉಳಿಸಿಕೊಂಡಿದೆ. ರೈಲು ನಿಲ್ದಾಣದ ಅಂಗಡಿ, ಪೆಟ್ರೋಲ್ ಬಂಕ್, ಸ್ವಲ್ಪ ಹೊತ್ತು ಬೇಕರಿ ಬಿಟ್ಟರೆ ಹೆಚ್ಚಿನ ಅಂಗಡಿಗಳೆಲ್ಲ ಬಂದ್. ಗೋಡೆಗೆ ಡ್ರಿಲ್ ಹಾಕುವ ಹಾಗಿಲ್ಲ. ರಸ್ತೆ ಬದಿಯಲ್ಲಿ ಖಾಲಿ ಬಾಟಲಿ ಹಾಕಲು ದೊಡ್ಡ ಡಬ್ಬಗಳಿರುತ್ತವೆ. ಅವುಗಳ ಮೇಲೆ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಹಾಕಬಹುದು ಅಂತ ಚೀಟಿ ಅಂಟಿಸಿರುತ್ತಾರೆ. ಭಾನುವಾರ ಹಾಕಬೇಡಿ, ಗಾಜು ಒಡೆಯುವ ಸದ್ದಾಗುತ್ತೆ! ದುಬೈಯಲ್ಲಿ ಮಧ್ಯರಾತ್ರಿಯಲ್ಲೂ ಸಾಮಾನು ತರಿಸಿಕೊಂಡು ಅಭ್ಯಾಸವಾದವರಿಗೆ ಇದು ಶುದ್ಧ ಕಿರಿಕಿರಿ.

ಇದು ಬರೀ ಚರ್ಚಿನ ವಿಷಯವೂ ಅಲ್ಲ. ಭಾನುವಾರ ಉಳಿಯಬೇಕು ಅನ್ನುವುದರಲ್ಲಿ ಚರ್ಚುಗಳೂ ಕಾರ್ಮಿಕ ಸಂಘಗಳೂ ಒಂದೇ ಕಡೆ. ಬರ್ಲಿನ್ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕೂ ಭಾನುವಾರ ಅಂಗಡಿ ತೆರೆಯಲು ಬಿಟ್ಟಿತ್ತು. ಚರ್ಚುಗಳು ಕೋರ್ಟಿಗೆ ಹೋದವು. 2009ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಅದಾಗದು ಅಂದಿತು. ಅಂಗಡಿಯಲ್ಲಿ ನಿಲ್ಲುವ ಹುಡುಗಿಗೂ ಉಳಿದವರ ಜೊತೆಗೇ ರಜೆ ಸಿಗಬೇಕು ಅನ್ನುವ ವಾದ ನನಗಂತೂ ಹಿಡಿಸಿತು. ಬುಧವಾರ ಒಬ್ಬಳೇ ರಜೆ ಹಾಕಿ ಸುಮ್ನೆ ಮನೆಯಲ್ಲಿ ಕೂರುವುದು ಏನು ರಜೆ, ಅಲ್ವಾ?

ಆದರೆ ಇಲ್ಲಿಯೂ ಸಡಿಲವಾಗುತ್ತಿದೆ. ಕೆಲಸಗಾರರೇ ಇಲ್ಲದ ಪುಟ್ಟ ಅಂಗಡಿಗಳು ಬಂದಿವೆ. ಕಾರ್ಡ್ ತೋರಿಸಿ ಒಳಗೆ ಹೋಗಿ, ನೀವೇ ಬಿಲ್ ಮಾಡಿಕೊಂಡು ಬನ್ನಿ. ಹೆಸ್ಸೆನ್ ರಾಜ್ಯದಲ್ಲಿ ಅವೂ ಭಾನುವಾರ ಮುಚ್ಚಬೇಕು ಅಂತ 2023ರ ಕೊನೆಗೆ ಕೋರ್ಟ್ ಹೇಳಿತು. ರಜೆ ಯಾರಿಗೆ, ಯಂತ್ರಕ್ಕಾ ಅಂತ ಜನ ನಕ್ಕರು. ಮರುವರ್ಷವೇ ರಾಜ್ಯ ಕಾನೂನು ತಿದ್ದಿ ಅವಕ್ಕೆ ಬಾಗಿಲು ತೆರೆಯಲು ಬಿಟ್ಟಿತು.