ಗಬ್ಬ ನಿಲ್ಲಬಾರದ ಕಡಸುಗಳು

ಕಡಸಿಗೆ ಗಬ್ಬ ನಿಲ್ಲುತ್ತಿಲ್ಲ ಎಂದು ಕೊರಗುವ ರೈತರ ನಡುವೆ ಪಶುವೈದ್ಯಕೀಯ ಕಲಿತವನು ನಾನು. ಈಗ ಅಮೆರಿಕದ ಕ್ಯಾನ್ಸಸ್ ರಾಜ್ಯದ ಫ್ಲಿಂಟ್ ಹಿಲ್ಸ್‌ನಲ್ಲಿ, ಗಬ್ಬ ನಿಲ್ಲಲೇಬಾರದೆಂದು ಕಡಸುಗಳ ಅಂಡಾಶಯ ಕತ್ತರಿಸುವ ತಂಡದೊಂದಿಗೆ ದುಡಿಯುತ್ತಿದ್ದೇನೆ. ತುರುವೇಕೆರೆಯ ಚಿಕ್ಕಪ್ಪ ಫೋನಿನಲ್ಲಿ ಇದನ್ನು ಕೇಳಿ, ‘ಯಾಕಪ್ಪ, ಅವು ಮಾಡಿದ ತಪ್ಪೇನು?’ ಎಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಇವು ಹಾಲಿಗೆ ಸಾಕಿದವಲ್ಲ, ಮಾಂಸದ ದನಗಳು. ಇಲ್ಲಿನ ಗುಡ್ಡಗಳಲ್ಲಿ ಮಣ್ಣಿನ ಪದರ ತೆಳು, ಅದರಡಿ ಸುಣ್ಣಕಲ್ಲು ಮತ್ತು ಚಕಮಕಿ ಕಲ್ಲು. ನೇಗಿಲು ಇಳಿಯದ್ದರಿಂದಲೇ ಆಳೆತ್ತರದ ಹುಲ್ಲು ಉಳಿದುಕೊಂಡಿದೆ. ವಸಂತದಲ್ಲಿ ಒಣಹುಲ್ಲಿಗೆ ಬೆಂಕಿ ಕೊಡುತ್ತಾರೆ, ಚಿಗುರು ಬಂದ ಮೇಲೆ ಏಪ್ರಿಲ್ ಕೊನೆಯ ಹೊತ್ತಿಗೆ ಲಾರಿಗಳಲ್ಲಿ ದನ ಬಂದಿಳಿಯುತ್ತವೆ. ಜುಲೈ ಮಧ್ಯ ದಾಟಿದರೆ ಹುಲ್ಲಿನ ಸತ್ವ ಇಳಿಯುತ್ತದೆ. ಹಾಗಾಗಿ ಕೆಲವರು ದುಪ್ಪಟ್ಟು ದನ ಬಿಟ್ಟು ಸುಮಾರು 90 ದಿನಗಳಲ್ಲಿ ಹೊರಡಿಸುತ್ತಾರೆ.

ಅಷ್ಟು ಕಡಸುಗಳು ಒಂದೆಡೆ ಸೇರಿದರೆ, 21 ದಿನಕ್ಕೊಮ್ಮೆ ಬೆದೆಗೆ ಬರುವ ಅವು ಮೇವು ಬಿಟ್ಟು ಒಂದರ ಮೇಲೊಂದು ಏರುತ್ತವೆ. ಪಕ್ಕದ ಹುಲ್ಲುಗಾವಲಿನ ಹೋರಿ ಬೇಲಿ ಹಾರಿ ಬಂತೆಂದರೆ ಮುಗಿಯಿತು. ಮುಂದೆ ಕೊಬ್ಬಿಸುವ ದೊಡ್ಡಿಯಲ್ಲಿ ಎಳೆಯ ಕಡಸು ಈಯಲಾರದೆ ನರಳುತ್ತದೆ, ಒಮ್ಮೊಮ್ಮೆ ತಾಯಿ ಕರು ಎರಡೂ ಸಾಯುತ್ತವೆ. ಬೆದೆ ತಡೆಯಲು ಮೇವಿನಲ್ಲಿ ಬೆರೆಸುವ ಔಷಧಿಯೊಂದಿದೆ. ದೊಡ್ಡಿಯಲ್ಲಿ ಅದು ನಡೆಯುತ್ತದೆ. ಬಯಲಲ್ಲಿ ದಿನವೂ ಪ್ರತಿ ಕಡಸಿನ ಹೊಟ್ಟೆಗೂ ಅಳತೆಯಂತೆ ಸೇರಿಸುವುದು ಬಲು ಕಷ್ಟ.

ಕೆಲಸಕ್ಕೆ ಬಳಸುವುದು ವಿಲ್ಲಿಸ್ ಎಂಬ ಉದ್ದನೆಯ ಉಕ್ಕಿನ ಸಲಾಕೆ. ತುದಿ ಚೂಪು, ಅದರ ಹಿಂದೆ ಬೀಗದ ಕಣ್ಣಿನಂಥ ಸೀಳು. ವೈದ್ಯರು ಒಂದು ಕೈಯನ್ನು ಗುದದ್ವಾರದಿಂದ ಒಳಗಿಟ್ಟು ಮೊದಲು ಗಬ್ಬವಿದೆಯೇ ಎಂದು ನೋಡುತ್ತಾರೆ. ಇಲ್ಲವೆಂದಾದರೆ ಸಲಾಕೆಯನ್ನು ಯೋನಿಯ ಗೋಡೆಯ ಮೂಲಕ ದಾಟಿಸಿ, ಒಳಗಿನ ಬೆರಳುಗಳಿಂದ ಅಂಡಾಶಯವನ್ನು ಸೀಳಿಗೆ ಸೇರಿಸಿ ಎಳೆಯುತ್ತಾರೆ. ತುಂಡಾದ ಅಂಡಾಶಯ ಹೊಟ್ಟೆಯೊಳಗೇ ಬೀಳುತ್ತದೆ. ಆಮೇಲೆ ಇನ್ನೊಂದು ಬದಿ. ಪಳಗಿದ ಕೈಗೆ ಹೆಚ್ಚು ಹೊತ್ತು ಬೇಡ. ಕೈ ಹಿಡಿಸದಷ್ಟು ಸಣ್ಣ ಕಡಸಾದರೆ ಪಕ್ಕೆ ಕೊಯ್ಯಬೇಕು, ಆ ಗಾಯ ಮಾಯಲು ಹೆಚ್ಚು ದಿನ ಬೇಕು. ಹುಲ್ಲಿಗೆ ಬಿಡುವ ಕೆಲವು ವಾರ ಮೊದಲೇ ಇದನ್ನೆಲ್ಲ ಮುಗಿಸುವುದು ಒಳ್ಳೆಯದು.

ಅಂಡಾಶಯ ಹೋದ ಮೇಲೆ, ಬೆಳವಣಿಗೆಗೆಂದು ಹೊರಗಿನಿಂದ ಹಾರ್ಮೋನು ಕೊಡದಿದ್ದರೆ, ಕಡಸಿನ ತೂಕ ಏರುವುದು ತುಸು ನಿಧಾನ. ಅದಕ್ಕೆಂದು ಕಿವಿಯ ಚರ್ಮದಡಿ ಹಾರ್ಮೋನಿನ ಗುಳಿಗೆ ಇಡುತ್ತಾರೆ.

ಮೇವಿನ ಲೆಕ್ಕ ನನಗೆ ಇನ್ನೂ ಹೆಚ್ಚು ಹಿಡಿಸಿದ ವಿಷಯ. ಹುಲ್ಲಿಗೆ ಬಿಡುವ ಮುಂಚಿನ ಚಳಿಗಾಲದಲ್ಲಿ ಒಣಹುಲ್ಲು, ಮೆಕ್ಕೆಜೋಳದ ರಸಮೇವು, ಎಥನಾಲ್ ಕಾರ್ಖಾನೆಯಲ್ಲಿ ಉಳಿಯುವ ಹಿಂಡಿಯಂಥ ಪುಡಿ ಹಾಕುತ್ತಾರೆ. ಹಾಗೆಂದು ಹೊಟ್ಟೆ ಬಿರಿಯ ಹಾಕುವುದಿಲ್ಲ. ದಿನಕ್ಕೆ ಅರ್ಧ ಕಿಲೋ ಆಸುಪಾಸು ತೂಕ ಏರಿದರೆ ಸಾಕು. ಮೈ ತುಂಬಿಕೊಂಡು ಹೋದ ಕಡಸು ಹಸಿರು ಹುಲ್ಲಿನಲ್ಲಿ ಮಂದವಾಗಿ ಬೆಳೆಯುತ್ತದೆ. ಮಿತವಾಗಿ ತಿಂದು, ಮೂಳೆ ಬಲಿತು, ಕೊಬ್ಬಿಲ್ಲದೆ ಹೋದದ್ದು ಭರಭರನೆ ಏರಿ ಹಿಂದಿನ ಕೊರತೆಯನ್ನು ಒಂದಷ್ಟು ತುಂಬಿಕೊಳ್ಳುತ್ತದೆ. ಆದರೆ ಸೊರಗಿಸುವುದೂ ತಪ್ಪು. ಬಡಕಲು ಕಡಸಿಗೆ ಶಸ್ತ್ರಕ್ರಿಯೆ ತಡೆಯುವ ಶಕ್ತಿ ಇರುವುದಿಲ್ಲ.

ಚಿಕ್ಕಪ್ಪನ ಪ್ರಶ್ನೆಯ ಹಿಂದಿದ್ದದ್ದು ನೋವಿನ ಮಾತು. ಪಕ್ಕೆ ಕೊಯ್ಯದಿದ್ದರೆ ನೋವಿಲ್ಲ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಸಲಾಕೆ ಎಳೆದ ಕ್ಷಣ ಬೆನ್ನು ಬಾಗುತ್ತದೆ, ಬಿಟ್ಟ ಮೇಲೂ ಕೆಲವು ಬಾಲ ಎತ್ತಿಕೊಂಡು ಮೂಲೆಯಲ್ಲಿ ನಿಲ್ಲುತ್ತವೆ. ನೋವು ಶಮನದ ಚುಚ್ಚುಮದ್ದು ಕೊಡಲೇಬೇಕೆಂದು ನಾನು ಮಾಲೀಕರ ಬಳಿ ವಾದಿಸುತ್ತೇನೆ. ಖರ್ಚಿಗಿಂತ ಹೊತ್ತು ಹಿಡಿಯುತ್ತದೆ ಎಂಬುದೇ ಅವರ ತಕರಾರು. ಕಡಸು ಅಲುಗದಂತೆ ಹಿಡಿಯುವ ಕಟ್ಟಿನಲ್ಲಿ ಸಿಕ್ಕಿಸಿ ಲಸಿಕೆ ಹಾಕುವಾಗಲೇ ಅದನ್ನೂ ಕೊಟ್ಟರೆ ಹೆಚ್ಚು ಹೊತ್ತು ಹೋಗುವುದಿಲ್ಲ. ಈ ಸಲ ಒಬ್ಬ ಮಾಲೀಕರು ಒಪ್ಪಿದ್ದಾರೆ, ಉಳಿದವರನ್ನೂ ಕೇಳುತ್ತಿದ್ದೇನೆ.