ಶೇಷ ಪರ್ವತದಿಂದಲೇ ವಾಪಸ್ ತಿರುಗಬೇಕಿತ್ತು

ಮೊನ್ನೆ ನಮ್ಮ ಟ್ರೆಕ್ಕಿಂಗ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ ಕೇಳಿದ, "ಕಟ್‌ಆಫ್ ಟೈಮ್ ಅಂದ್ರೆ ನೀವ್ಯಾಕೆ ಸಾರ್ ಇಷ್ಟು ಹಠ ಮಾಡ್ತೀರಿ?" ಕಟ್‌ಆಫ್ ಅಂದರೆ, ಇಷ್ಟು ಹೊತ್ತಿಗೆ ಈ ಜಾಗ ಮುಟ್ಟದಿದ್ದರೆ ವಾಪಸ್ ತಿರುಗಬೇಕು ಅಂತ ಮೊದಲೇ ಇಟ್ಟುಕೊಂಡ ಸಮಯ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

2024ರ ಜನವರಿ 26 ಶುಕ್ರವಾರ ಬಂದಿತ್ತು. ಸಾಲಾಗಿ ಮೂರು ದಿನ ರಜೆ. ನಾನಾಗ ಬೆಂಗಳೂರಿನ ಒಂದು ಟ್ರೆಕ್ಕಿಂಗ್ ಕಂಪನಿಯಲ್ಲಿ ಲೀಡ್, ಅಂದರೆ ಗುಂಪನ್ನು ಮುನ್ನಡೆಸುವವನು. ಕುಮಾರ ಪರ್ವತಕ್ಕೆ ನಮ್ಮದು 24 ಜನರ ಬ್ಯಾಚ್ ಅಂತ ಶೀಟಿನಲ್ಲಿತ್ತು. ಬುಧವಾರ ಸಂಜೆ ನೋಡಿದರೆ 46! ಎರಡು ಬ್ಯಾಚ್ ಸೇರಿಸಿ ಒಂದು ಮಾಡಿದ್ದರು. ಗುಂಪಿನ ಕೊನೆಯಲ್ಲಿ ನಡೆದು ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವ ಸ್ವೀಪ್ ಮಾತ್ರ ಒಬ್ಬನೇ. ಆಫೀಸಿಗೆ ಫೋನ್ ಮಾಡಿದೆ. "ಲಾಂಗ್ ವೀಕೆಂಡ್ ಅಲ್ವಾ, ಮ್ಯಾನೇಜ್ ಮಾಡಿ" ಅಂದರು. ನಾನೂ ಸುಮ್ಮನಾದೆ. ಆ ಬೆಟ್ಟ ಇಪ್ಪತ್ತು ಸಲಕ್ಕಿಂತ ಜಾಸ್ತಿ ಹತ್ತಿದ್ದೆ. ಆ ಧೈರ್ಯವೇ ನನ್ನ ಮೊದಲ ತಪ್ಪು.

ಶನಿವಾರ ಬೆಳಗಿನ ಜಾವ ಕುಕ್ಕೆಗೆ ತಲುಪಿದಾಗ ಟೆಂಪೊ ಟ್ರಾವೆಲರ್ ನಿಲ್ಲಿಸಲು ಜಾಗ ಇರಲಿಲ್ಲ. ದೇವರಗದ್ದೆ ದಾಟಿ ಕಾಡು ಶುರುವಾದ ಮೇಲೆ ಮೇಲಕ್ಕೂ ಕೆಳಕ್ಕೂ ಟಾರ್ಚುಗಳ ಸಾಲು. ಷಷ್ಠಿ ಜಾತ್ರೆಗೆ ರಥಬೀದಿಯಲ್ಲಿ ಸೇರುವಂಥ ಜನ, ಎರಡಾಳು ಅಗಲದ ಕಾಲುದಾರಿಯಲ್ಲಿ. ಭಟ್ಟರ ಮನೆ ದಾಟಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟಿಗೆ ಬಂದಾಗ ಬೆಳಕು ಹರಿದಿತ್ತು. ಅಲ್ಲಿ ಸಾಲು ಎಲ್ಲಿಂದ ಶುರು, ಎಲ್ಲಿಗೆ ಮುಗಿಯುತ್ತದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಅಲ್ಲೇ ಎರಡು ಗಂಟೆ ನಿಂತೆವು. ನಮ್ಮ ಬ್ಯಾಚಿನ ಇಬ್ಬರು ಹೆಂಗಸರು ನನ್ನ ಹತ್ತಿರ ಬಂದು, "ಎಲ್ಲಿ ನೋಡಿದ್ರೂ ಜನ, ಹೋಗೋದೆಲ್ಲಿ?" ಅಂತ ಮೆಲ್ಲಗೆ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಮಧ್ಯಾಹ್ನದವರೆಗೆ ಇಬ್ಬರೂ ನೀರೇ ಕುಡಿಯಲಿಲ್ಲ ಅಂತ ಆಮೇಲೆ ತಿಳಿಯಿತು.

ನಮ್ಮ ಸ್ವೀಪ್ ಸುಬ್ರಹ್ಮಣ್ಯದ ಕಡೆಯ ಹುಡುಗ. ಕಲ್ಲುಮಂಟಪದ ಹತ್ತಿರ ಬಂದು ಹೇಳಿದ, "ಅಣ್ಣ, ಇವತ್ತು ಬೇಡ ಮಾರಾಯ್ರೆ. ಮೇಲೆ ಬಂಡೆ ಹತ್ರ ಜನ ಸಿಕ್ಕಿಬೀಳ್ತಾರೆ." ನಾನು ಗಡಿಯಾರ ನೋಡಿದೆ. ನಮ್ಮ ಕಟ್‌ಆಫ್, ಕುಮಾರ ಪರ್ವತದ ಶಿಖರಕ್ಕೆ ಮುಂಚೆ ಸಿಗುವ ಶೇಷ ಪರ್ವತಕ್ಕೆ 12.30. ಅಲ್ಲಿವರೆಗೆ ಹೋಗಿ ನೋಡೋಣ ಅಂದೆ. ಶೇಷ ಪರ್ವತ ಮುಟ್ಟಿದಾಗ 1.40.

ಅಲ್ಲಿ ನಿಂತ ಆ ಐದು ನಿಮಿಷ ಈಗಲೂ ಕಣ್ಣ ಮುಂದಿದೆ. ಎದುರಿಗೇ ಶಿಖರ ಕಾಣುತ್ತಿತ್ತು. ಜನ ನನ್ನ ಮುಖ ನೋಡುತ್ತಿದ್ದರು. ಇಡೀ ರಾತ್ರಿ ನಿದ್ದೆಗೆಟ್ಟು, ದುಡ್ಡು ಕೊಟ್ಟು, ಸುಮಾರು 1,500 ಮೀಟರ್ ಏರಿ ಬಂದವರು. "ಇನ್ನೊಂದು ಗಂಟೆ ಅಷ್ಟೇ ಅಲ್ವಾ" ಅಂತ ಯಾರೋ ಅಂದರು. ಸ್ವೀಪ್ ಮಾತಾಡಲಿಲ್ಲ, ಸುಮ್ನೆ ತಲೆ ಅಲ್ಲಾಡಿಸಿದ. ನಾನು "ಬೇಗ ಬೇಗ ನಡೀರಿ" ಅಂದುಬಿಟ್ಟೆ.

ಅಲ್ಲಿಂದ ಇಳಿದು ಶೋಲಾ ಕಾಡು ಹೊಕ್ಕರೆ, ಶಿಖರಕ್ಕೆ ಮುಂಚೆ ಒಂದು ಬಂಡೆ ಹತ್ತಬೇಕು. ಹತ್ತುವವರೂ ಇಳಿಯುವವರೂ ಅದೇ ಬಂಡೆಯ ಮೇಲೆ. ನಮ್ಮ ಹುಡುಗಿಯೊಬ್ಬಳು ಅದರ ನಟ್ಟನಡುವೆ ನಿಂತುಬಿಟ್ಟಳು. ಎರಡೂ ಮೀನಖಂಡ ಹಿಡಿದುಕೊಂಡಿತ್ತು. ಬಲಗೈ ಒಂದು ಬೇರನ್ನು ಹಿಡಿದಿತ್ತು, ಬೆರಳ ಗೆಣ್ಣು ಬೆಳ್ಳಗಾಗಿತ್ತು. ಕಾಲು ಗಡಗಡ ನಡುಗುತ್ತಿತ್ತು. ಮೇಲಿನವರು "ದಾರಿ ಬಿಡಿ" ಅಂತ ಕೂಗಿದರು. ಕೆಳಗಿನವರು ತಳ್ಳುತ್ತಿದ್ದರು. ನಾನು ಅವಳ ಕೆಳಗೆ ಬಂಡೆಗೆ ಒರಗಿ ಕೂತು, ಅವಳ ಶೂ ನನ್ನ ಭುಜದ ಮೇಲೆ ಇಡಿಸಿಕೊಂಡೆ. "ಕೆಳಗೆ ನೋಡ್ಬೇಡಮ್ಮ, ನನ್ನ ಭುಜ ಗಟ್ಟಿ ಇದೆ" ಅಂತ ಹೇಳುತ್ತಲೇ ಇದ್ದೆ. ಸ್ವೀಪ್ ಮೇಲೆ ಹೋಗಿ ಎರಡೂ ಕೈ ಚಾಚಿ ಇಳಿಯುವವರನ್ನು ತಡೆದು ನಿಂತ. ನಲವತ್ತು ನಿಮಿಷ ಹಿಡಿಯಿತು ಅವಳನ್ನು ಇಳಿಸಲು. ಓಆರ್‌ಎಸ್ ನನ್ನ ಬ್ಯಾಗಿನಲ್ಲಿತ್ತು. ಬೆರೆಸಲು ಯಾರ ಬಾಟಲಿಯಲ್ಲೂ ನೀರಿರಲಿಲ್ಲ. ಪರಿಚಯವೇ ಇಲ್ಲದ ಇನ್ನೊಂದು ಗುಂಪಿನವರು ಅರ್ಧ ಬಾಟಲಿ ಕೊಟ್ಟರು. ಅವರ ಋಣ ನನ್ನ ಮೇಲಿದೆ.

ಕೆಳಗೆ ಬಂದು ಹೆಡ್‌ಕೌಂಟ್ 46 ಸರಿಹೋದಾಗ ರಾತ್ರಿ ಹತ್ತು. ಸೋಮವಾರ ಆಫೀಸಿನಲ್ಲಿ ಕೇಳಿದ ಮೊದಲ ಪ್ರಶ್ನೆ, ರಿವ್ಯೂ ಹೇಗೆ ಬಂದಿದೆ ಅಂತ. ಎರಡು ತಿಂಗಳಿಗೆ ಅಲ್ಲಿಂದ ಹೊರಬಂದೆ.

ಆ ವಾರಾಂತ್ಯದ ವಿಡಿಯೋಗಳನ್ನು ಇಡೀ ರಾಜ್ಯವೇ ನೋಡಿತು. ಆನ್‌ಲೈನ್ ಟಿಕೆಟ್ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿತು. ಅಕ್ಟೋಬರ್ ಹೊತ್ತಿಗೆ ಚಾರಣದ ಟಿಕೆಟ್ ಕೊಡುವ ಅರಣ್ಯ ವಿಹಾರ ವೆಬ್‌ಸೈಟ್ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಅಂತಾಯಿತು. ನಮ್ಮ ಕೆಲಸದವರಲ್ಲಿ ಅನೇಕರು ಇದರಿಂದ ಹೊಟ್ಟೆಪಾಡು ಹೋಯಿತು ಅನ್ನುತ್ತಾರೆ. ಅವರ ಕಷ್ಟ ನನಗೆ ಗೊತ್ತು, ನನ್ನ ಮನೆಯಲ್ಲೂ ಆ ವರ್ಷ ದುಡ್ಡಿಗೆ ತುಂಬ ಕಷ್ಟವಾಯಿತು. ಆದರೂ ಈ ಮಿತಿ ಬೇಕೇ ಬೇಕು. ನಾವು ಲೀಡ್‌ಗಳು ನಮ್ಮ ಬ್ಯಾಚ್ ಮಾತ್ರ ಎಣಿಸುತ್ತೇವೆ. ಬೆಟ್ಟದ ಮೇಲೆ ಒಟ್ಟು ಎಷ್ಟು ಜನ ಅಂತ ಎಣಿಸಲು ಯಾರಾದರೂ ಬೇಕಲ್ವಾ? ಟಿಕೆಟ್ ಇಲ್ಲದ ಜಾಗಗಳಿಗೆ ಇದೇ ಗುಂಪು ಹೋಗುತ್ತಿರುವುದನ್ನು ನೋಡಿದರೆ ನನಗೆ ಹೆದರಿಕೆಯಾಗುತ್ತದೆ. ಅಲ್ಲಿ ಚೆಕ್‌ಪೋಸ್ಟೂ ಇಲ್ಲ.

ಈಗ ಸಣ್ಣ ಬ್ಯಾಚ್ ಮಾತ್ರ ತೆಗೆದುಕೊಳ್ಳುತ್ತೇನೆ. ವಾಪಸ್ ಹೋಗೋಣ ಅಂತ ಸ್ವೀಪ್ ಹೇಳಿದರೆ ಮುಗಿಯಿತು, ನಾನು ವಾದ ಮಾಡುವುದಿಲ್ಲ.

ಟಿಕೆಟ್ ಶುರುವಾದ ಮೇಲೆ ಆ ದಿನದ ಅದೇ ಸ್ವೀಪ್ ಹುಡುಗನ ಜೊತೆ ಮತ್ತೆ ಕುಮಾರ ಪರ್ವತಕ್ಕೆ ಹೋದೆ. ಕಲ್ಲುಮಂಟಪದ ಮೇಲಿನ ಹುಲ್ಲುಗಾವಲಿನಲ್ಲಿ ಅವನು ಒಂದು ಕಡೆ ನಿಂತು ಕೈ ತೋರಿಸಿದ. ಆ ದಿನ ಸಾಲು ತಪ್ಪಿಸಿ ಬೇಗ ಹೋಗಲಿ ಅಂತ ನಾನೇ ನಮ್ಮವರನ್ನು ಅಲ್ಲಿ ಹುಲ್ಲಿನ ಮೇಲೆ ನಡೆಸಿದ್ದೆ. ನಮ್ಮ ಹಿಂದೆ ಇನ್ನೆಷ್ಟೋ ಜನ ಬಂದಿದ್ದರು. ಒಂದು ಮಳೆಗಾಲ ಕಳೆದಿತ್ತು. ಹುಲ್ಲು ಹೋಗಿ ಕೆಂಪು ಮಣ್ಣು ಕಾಣುತ್ತಿತ್ತು. ನೀರು ಅದೇ ಜಾಡು ಹಿಡಿದು ಮೊಣಕಾಲು ಆಳದ ಕೊರಕಲು ಮಾಡಿತ್ತು. ನಾವಿಬ್ಬರೂ ಅಕ್ಕಪಕ್ಕದ ಕಲ್ಲು ಎತ್ತಿ ಅದರ ಬಾಯಿಗೆ ಅಡ್ಡ ಇಟ್ಟೆವು. ನಮ್ಮ ಬ್ಯಾಚಿನ ಕೆಲವರೂ ಸೇರಿಕೊಂಡರು. ಆಮೇಲೆ ಹಳೇ ದಾರಿಯಲ್ಲೇ ಒಬ್ಬರ ಹಿಂದೆ ಒಬ್ಬರು ನಡೆದೆವು.