ಐತಿ, ಐತೆ, ಉಂಟು

ಈಚೆಗೆ ನೋಡಿದ ಮೂರು ಚಿತ್ರಗಳಲ್ಲಿ ‘ಇದೆ’ ಎಂಬ ಒಂದೇ ಮಾತನ್ನು ನಾನು ಮೂರು ಬಗೆಯಾಗಿ ಕೇಳಿದೆ. ಕೊಪ್ಪಳದ ‘ಐತಿ’, ಮಂಡ್ಯದ ‘ಐತೆ’, ಮಂಗಳೂರಿನ ‘ಉಂಟು’. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ವನ್ನು 2024ರ ಜೂನ್‌ನಲ್ಲಿ ಅದು ತೆರೆಕಂಡ ವಾರವೇ ಚಿತ್ರಮಂದಿರಕ್ಕೆ ಹೋಗಿ ನೋಡಿದೆ. ಅದರ ಗುಂಗು ಬಿಡದ ಕಾರಣ ‘ತಿಥಿ’ ಮತ್ತು ‘ಒಂದು ಮೊಟ್ಟೆಯ ಕಥೆ’ಯನ್ನು ಮನೆಯಲ್ಲಿ ಮತ್ತೊಮ್ಮೆ ನೋಡಿದೆ.

ನಾನು ಗದಗ ಸೀಮೆಯವಳು. ನಾನು ಸಣ್ಣವಳಿದ್ದಾಗ ನೋಡಿದ ಸಿನಿಮಾಗಳಲ್ಲಿ ನಮ್ಮ ಮಾತು ಹೆಚ್ಚಾಗಿ ಕೇಳಿಬರುತ್ತಿದ್ದುದು ನಗಿಸಲೆಂದೇ ಇಟ್ಟುಕೊಂಡ ಪಾತ್ರದ ಬಾಯಿಂದ. ಪ್ರೀತಿಸುವವರು, ದುಃಖಪಡುವವರು, ನ್ಯಾಯ ಹೇಳುವವರು ಬೇರೆಯೇ ಕನ್ನಡ ಆಡುತ್ತಿದ್ದರು. ಮುಂದೆ ಓದಲು ಬೆಂಗಳೂರಿಗೆ ಬಂದಾಗ ಹಾಸ್ಟೆಲಿನ ಗೆಳತಿಯರು ನನ್ನ ‘ಬರ್ರಿ, ಕೂಡ್ರಿ’ಗೆ ನಕ್ಕದ್ದು ಕೆಟ್ಟ ಮನಸ್ಸಿನಿಂದಲ್ಲ, ಅದು ನಗುವ ಮಾತು ಎಂದು ಅವರಿಗೆ ತೆರೆಯೇ ಕಲಿಸಿತ್ತು. ಒಂದೆರಡು ತಿಂಗಳಲ್ಲಿ ನಾನು ಮಾತು ಬದಲಿಸಿಕೊಂಡೆ. ಹಾಗಾಗಿ ‘ಶಿವಮ್ಮ’ನ ಮೊದಲ ಹತ್ತು ನಿಮಿಷಗಳಲ್ಲಿ ನನಗಾದದ್ದನ್ನು ಬರಿಯ ಮೆಚ್ಚುಗೆ ಎಂದರೆ ಸಾಲದು.

ಶಿವಮ್ಮ ಸರಕಾರಿ ಶಾಲೆಯಲ್ಲಿ ಅಡುಗೆ ಮಾಡುವ, ನಡುವಯಸ್ಸು ದಾಟುತ್ತಿರುವ ಬಡ ಹೆಣ್ಣುಮಗಳು. ಶಕ್ತಿ ಕೊಡುತ್ತದೆಂದು ಹೇಳಲಾಗುವ ಒಂದು ಪುಡಿಯನ್ನು ಮಾರುವ ಸರಪಳಿ ವ್ಯವಹಾರಕ್ಕೆ ಆಕೆ ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಹಾಕುತ್ತಾಳೆ. ಆ ಪಾತ್ರವನ್ನು ಮಾಡಿರುವ ಶರಣಮ್ಮ ಚಟ್ಟಿಯವರು ವೃತ್ತಿಯಿಂದ ನಟಿಯಲ್ಲ. ಚಿತ್ರ ನಡೆಯುವ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳವೇ ನಿರ್ದೇಶಕರ ಊರು, ತೆರೆಯ ಮೇಲಿನ ಬಹುಪಾಲು ಜನರೂ ಅಲ್ಲಿಯವರೇ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಇದಕ್ಕೆ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಬಂತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರಶಸ್ತಿಯಲ್ಲ, ಶಿವಮ್ಮ ವ್ಯಾಪಾರ ಮಾಡುವ ರೀತಿ. ಆಕೆ ಮಾರುತ್ತಿರುವುದು ಪುಡಿಯನ್ನಾದರೂ ನಂಬಿಸಲು ಬಳಸುವುದು ಸಂಬಂಧವನ್ನು, ಮತ್ತು ನಮ್ಮ ಕಡೆ ಸಂಬಂಧವಿರುವುದೇ ಮಾತಿನ ಎಳೆತದಲ್ಲಿ. ‘ಯವ್ವಾ’ ಎಂದು ಕರೆದವರಿಗೆ ಇಲ್ಲವೆನ್ನುವುದು ಎಷ್ಟು ಕಷ್ಟ ಎಂಬುದು ಆ ನುಡಿಯೊಳಗೆ ಬೆಳೆದವರಿಗೆ ಗೊತ್ತು. ಈ ಕಥೆಯನ್ನು ಪುಸ್ತಕದ ಕನ್ನಡದಲ್ಲಿ ಹೇಳಿದ್ದರೆ ಅದು ಬರಿಯ ಮೋಸದ ಕಥೆಯಾಗುತ್ತಿತ್ತು. ಇಲ್ಲಿ ಮೋಸಹೋದವಳು ತನಗೆ ಗೊತ್ತಿಲ್ಲದೆಯೇ ಮೋಸಮಾಡುವವಳೂ ಆಗುತ್ತಾ ಹೋಗುವುದು, ಆಕೆಯ ಮೇಲೆ ನಮಗೆ ಸಿಟ್ಟೂ ಕರುಳೂ ಒಟ್ಟಿಗೇ ಹುಟ್ಟುವುದು ಆ ದನಿಯ ದೆಸೆಯಿಂದ.

ನನ್ನ ಚಿಗವ್ವನ ಮನೆಯ ಅಟ್ಟದ ಮೇಲೆ ಇಂಥದೇ ಪುಡಿಯ ಡಬ್ಬಿಗಳು ಹಲವು ವರ್ಷ ಇದ್ದವು. ಅವುಗಳ ಮಾತೆತ್ತಿದರೆ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಿದ್ದೆವು. ಚಿತ್ರಮಂದಿರದಲ್ಲಿ ಆ ಸಂಜೆ ಹತ್ತೋ ಹನ್ನೆರಡೋ ಜನ ಇದ್ದಿರಬೇಕು. ಮುಂದಿನ ಸಾಲಿನಲ್ಲಿ ಕುಳಿತಿದ್ದ ವಯಸ್ಸಾದ ದಂಪತಿಯ ಮಾತು ಕೇಳಿದಾಗ ಅವರೂ ನಮ್ಮ ಕಡೆಯವರೇ ಎಂದು ತಿಳಿಯಿತು. ಶಿವಮ್ಮ ಮನೆಯಿಂದ ಮನೆಗೆ ತಿರುಗುವ ಭಾಗ ತುಸು ಉದ್ದವಾಯಿತೆಂದು, ಒಂದೇ ಬಗೆಯ ಸನ್ನಿವೇಶ ಮರಳಿ ಬರುತ್ತದೆಂದು ನನಗೂ ಅನ್ನಿಸಿತು. ಅದಿರಲಿ, ಆ ಭಾಗದಲ್ಲೂ ಮುಂದಿನ ಸಾಲಿನ ಅಜ್ಜಿ ಎರಡು ಸಲ ‘ಪಾಪ’ ಎಂದರು.

‘ತಿಥಿ’ಯನ್ನು ಮಗಳ ಜತೆ ನೋಡಿದೆ. ರಾಮ್ ರೆಡ್ಡಿಯವರ ಈ ಚಿತ್ರಕ್ಕೆ ಅವರೊಂದಿಗೆ ಕಥೆ ಕಟ್ಟಿದ ಈರೇಗೌಡರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನವರು, ಚಿತ್ರದಲ್ಲಿರುವವರೂ ಆ ಸೀಮೆಯ ಹಳ್ಳಿಗರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು, ಮರುವರ್ಷ ಇಲ್ಲಿ ತೆರೆಕಂಡಿತು. ನೂರೊಂದು ವರ್ಷದ ಸೆಂಚುರಿ ಗೌಡ ದಾರಿಹೋಕರನ್ನೆಲ್ಲ ಬೈಯುತ್ತಾ ಕುಳಿತಿರುವ ಮೊದಲ ದೃಶ್ಯದಲ್ಲಿ, ಬೆಂಗಳೂರಿನಲ್ಲೇ ಬೆಳೆದ ನನ್ನ ಮಗಳು ಅರ್ಧ ಮಾತು ತಿಳಿಯದೆ ಇಂಗ್ಲಿಷ್ ಅಡಿಬರಹ ಓದಲು ಹೊರಟಳು. ಅದನ್ನು ತೆಗೆಸಿ, ತಿಳಿಯದಿದ್ದರೂ ಕೇಳಿಸಿಕೋ ಎಂದೆ. ಆ ಬೈಗುಳಗಳಲ್ಲಿ ಒಂದು ಲಯವಿದೆ, ಅಡಿಬರಹದಲ್ಲಿ ಅದು ಬರಿಯ ಒರಟುತನವಾಗಿಬಿಡುತ್ತದೆ. ಅರ್ಧ ಗಂಟೆಯ ಹೊತ್ತಿಗೆ ಅವಳು ನನಗಿಂತ ಮೊದಲೇ ನಗುತ್ತಿದ್ದಳು.

ಈ ಸಲ ನನಗೆ ಕಂಡದ್ದು ನಗುವಿನಾಚೆಯ ‘ತಿಥಿ’. ಸೆಂಚುರಿ ಗೌಡನ ಮೊಮ್ಮಗ ತಮ್ಮಣ್ಣ ಜಮೀನು ಮಾರಲು, ಬದುಕಿರುವ ತಂದೆ ಗಡ್ಡಪ್ಪ ಸತ್ತನೆಂದು ಕಾಗದ ಮಾಡಿಸುತ್ತಾನೆ. ಗಡ್ಡಪ್ಪನಿಗೆ ಆಸ್ತಿಯ ಹಂಗಿಲ್ಲ. ಅವನು ಕುರಿಗಾಹಿಗಳ ಜತೆ ಸೇರಿಕೊಳ್ಳುತ್ತಾನೆ. ಅಲ್ಲಿ ಬೆಂಕಿಯ ಮುಂದೆ ಕೂತು ಅವನು ತನ್ನ ಹಳೆಯ ನೋವನ್ನು ಹೇಳುವ ದೃಶ್ಯ ನನಗೆ ಕನ್ನಡ ಚಿತ್ರಗಳಲ್ಲೇ ಬಹಳ ದೊಡ್ಡದೆನಿಸುತ್ತದೆ. ದನಿ ಏರುವುದಿಲ್ಲ, ಕಣ್ಣೀರಿಲ್ಲ, ದಿನಸಿ ಲೆಕ್ಕ ಒಪ್ಪಿಸುವವನ ಹಾಗೆ ಬಾಳನ್ನೇ ಒಪ್ಪಿಸಿಬಿಡುತ್ತಾನೆ. ಹಿಂದೆ ಇದೇ ಮಾತನ್ನು ಗಮಾರನ ಮಾತೆಂದು ತೋರಿಸಿದ್ದ ತೆರೆಯಲ್ಲಿ, ಇಷ್ಟು ವಿಚಾರವಂತನಾದ ಮುದುಕನೊಬ್ಬ ಅದೇ ಮಾತಿನಲ್ಲಿ ಮಾತಾಡಿದ. ಹೋಲಿಸಿದರೆ ತಮ್ಮಣ್ಣನ ಮಗ ಅಭಿಯ ಪ್ರೇಮದ ಎಳೆ ತೆಳುವಾಗಿದೆ, ಅದು ಮೊದಲ ಸಲವೂ ನನ್ನನ್ನು ಅಷ್ಟಾಗಿ ತಟ್ಟಿರಲಿಲ್ಲ.

ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ (2017) ಇವೆರಡರಷ್ಟು ಆಳದ್ದಲ್ಲ. ಆದರೂ ಅದನ್ನು ಇವುಗಳ ಪಕ್ಕದಲ್ಲಿ ಇಡುತ್ತೇನೆ, ಯಾಕೆಂದರೆ ಅದರ ನಾಯಕ ಜನಾರ್ದನ ಕಾಲೇಜಿನ ಕನ್ನಡ ಅಧ್ಯಾಪಕ. ಕನ್ನಡ ಕಲಿಸುವವನೇ ಮಂಗಳೂರು ಕನ್ನಡದಲ್ಲಿ ತನ್ನ ಸಂಕೋಚ, ಆಸೆ, ಅವಮಾನಗಳನ್ನೆಲ್ಲ ಹೇಳಿಕೊಳ್ಳುವುದು ನನಗೆ ತುಂಬ ಸಂತೋಷ ಕೊಟ್ಟಿತು. ನಗು ಬರುವುದು ಅವನ ಪಾಡಿಗೆ, ಅವನ ‘ಉಂಟು’ವಿಗಲ್ಲ.

ಮುಂದಿನ ತಿಂಗಳು ಊರಿಗೆ ಹೋದಾಗ ‘ಶಿವಮ್ಮ’ನ ಕಥೆಯನ್ನು ಚಿಗವ್ವನಿಗೆ ಹೇಳಬೇಕೆಂದಿದ್ದೇನೆ. ಡಬ್ಬಿಗಳ ಮಾತು ಬಂದರೆ ಅವಳು ನೊಂದುಕೊಂಡಾಳೆಂಬ ಅಳುಕಿದೆ. ಮೊನ್ನೆ ಫೋನಿನಲ್ಲಿ, ನಮ್ಮ ಕಡೆಯ ಮಾತಿನದೇ ಒಂದು ಸಿನಿಮಾ ನೋಡಿದೆ ಎಂದಷ್ಟೇ ಹೇಳಿದೆ. ‘ನಗಿಸೂದ ಐತೇನ?’ ಎಂದು ಕೇಳಿದಳು. ಅಲ್ಲ ಎಂದೆ.